ಮಗುವನ್ನು ಯಾವ ಗರಡಿಗೆ ಒಪ್ಪಿಸೋಣ?



ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಸರಿಯಾಗಿ ಕಾರವಾರದಿಂದ ಅಮದಳ್ಳಿ, ಅವರ್ಸಾಗಳನ್ನು ಹಾದು ಅಂಕೋಲೆಯವರೆಗಿನ ಹೆದ್ದಾರಿಯ ಬದಿಯಲ್ಲಿ, ಬಿಳಿಯ ಉಡುಪು ತೊಟ್ಟು ಕಾಲನ್ನು ತಲೆಯೆತ್ತರಕ್ಕೆ ಚಾಚಿದ ತರುಣನ ಚಿತ್ರವುಳ್ಳ ಫಲಕಗಳು ಕಾಣಿಸಿಕೊಳ್ಳುವುದನ್ನು ತಾವು ನೋಡಿರಬಹುದು. ಕರಾಟೆ, ಜೂಡೋ, ಟೇಕ್ವಾಂಡೋ, ಕುಂಗ್‌ಫೂ, ಕಿಕ್‌ಬಾಕ್ಸಿಂಗ್, ಕಳರಿಪಯಟ್ಟು ಎಂದು ಅವುಗಳ ನಾಮಧೇಯಗಳು ಹಲವು. ಒಂದು ಕಡೆ ಕೈಗಾದ ಅಣುವಿದ್ಯುತ್ ಕೇಂದ್ರ, ಇನ್ನೊಂದು ಕಡೆ 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ, ಇವೆರಡರ ನಿಮಿತ್ತವಾಗಿ ದೇಶದ ನಾನಾ ಪ್ರಾಂತಗಳ ಕುಟುಂಬಗಳು ಇಲ್ಲಿಗೆ ಬಂದು ನೆಲಸಿರುವುದರಿಂದ, ಇಂಥ ವಿದ್ಯೆಗಳನ್ನು ಅಪೇಕ್ಷಿಸುವವರೂ ಹೆಚ್ಚಿದ್ದಾರೆ, ಕಲಿಸುತ್ತೇವೆಂದು ಮುಂದೆ ಬರುವವರೂ ಹೆಚ್ಚಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಮಗುವಿನ ಕೈಹಿಡಿದು ಫಲಕದ ಮುಂದೆ ನಿಂತ ತಾಯಿತಂದೆಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೆಂದರೆ, ಈ ವಿದ್ಯೆಗಳಲ್ಲಿ ಯಾವುದು ಶ್ರೇಷ್ಠ ಎಂಬುದು. ವಿದ್ಯೆ ಯಾವುದಾದರೂ ಆಗಲಿ, ಅದನ್ನು ಕಲಿಸುವಾತನು ಎಂಥವನು ಎಂಬುದೇ ಮೊದಲು ವಿಚಾರಿಸತಕ್ಕ ವಿಷಯವೆಂದು ನಾನು ಭಾವಿಸುತ್ತೇನೆ. ಈ ಹೊತ್ತು ತಮ್ಮೊಡನೆ ಅರಿಕೆ ಮಾಡಿಕೊಳ್ಳಬೇಕೆಂದಿರುವುದೂ ಅದನ್ನೇ.

ರೋಗಿಯ ನಾಡಿ ಹಿಡಿಯುವವನ ಹೆಸರು ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿರಬೇಕು. ನ್ಯಾಯಾಲಯದಲ್ಲಿ ವಾದಿಸುವವನ ಹೆಸರು ವಕೀಲರ ಪರಿಷತ್ತಿನ ಪಟ್ಟಿಯಲ್ಲಿರಬೇಕು. ಮಗುವಿನ ಕತ್ತು, ಬೆನ್ನೆಲುಬು, ತಲೆಗಳನ್ನು ತನ್ನ ಕೈಗೆ ತೆಗೆದುಕೊಳ್ಳುವ ಕರಾಟೆ ಶಿಕ್ಷಕನಿಗಾದರೋ ನಮ್ಮ ದೇಶದಲ್ಲಿ ಅಂಥ ಪರಿಷತ್ತು ಯಾವುದೂ ಇಲ್ಲ. ಸಂಘವೊಂದನ್ನು ಕಟ್ಟಿ, ಅದಕ್ಕೆ ‘ಅಖಿಲ ಭಾರತ’ ಎಂದೋ ‘ಅಂತರರಾಷ್ಟ್ರೀಯ’ ಎಂದೋ ವಿಶೇಷಣವನ್ನು ಸೇರಿಸಿ, ಪ್ರಮಾಣಪತ್ರಗಳನ್ನು ಅಚ್ಚು ಹಾಕಿಸಿ ಹಂಚುವುದು ದುಸ್ಸಾಧ್ಯವೇನಲ್ಲ. ಹೀಗಿರುವಾಗ ಪರೀಕ್ಷಿಸುವ ಭಾರವೆಲ್ಲವೂ ಪಾಲಕರ ಮೇಲೆಯೇ ಬೀಳುತ್ತದೆ.

ಹಿಂದೆ ಈ ಭಾರ ಇಷ್ಟು ಇರಲಿಲ್ಲ. 1862ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ ತರುವಾಯ ಆ ಕಡೆಯ ತಾಲೀಮಖಾನೆಗಳ ಪದ್ಧತಿಗೂ ಘಟ್ಟದ ಮೇಲಿನ ಗರಡಿಮನೆಗಳ ಪದ್ಧತಿಗೂ ನಮ್ಮವರು ಪರಿಚಿತರಾಗಿದ್ದರು; ಅಲ್ಲೆಲ್ಲ ವಸ್ತಾದನು ಊರಿನ ಮನುಷ್ಯನೇ ಆಗಿರುತ್ತಿದ್ದನು. ಅವನ ನಡೆನುಡಿ, ಊಟಉಪಚಾರ, ಸಾಲಸೋಲ, ಸಿಟ್ಟುಸೆಡವು ಎಲ್ಲವೂ ಊರಿಗೆ ಗೊತ್ತು. ಗರಡಿಗೆ ಸೇರಿದ ಹುಡುಗನಿಗೆ ಬಂದ ದಿನವೇ ಪಟ್ಟುಗಳನ್ನು ಹೇಳಿಕೊಡುತ್ತಿರಲಿಲ್ಲ. ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಹದಗೊಳಿಸಿದ ಅಖಾಡದ ಕೆಮ್ಮಣ್ಣನ್ನು ಅಗೆದು ಸಡಿಲಿಸುವುದು, ಹಿರಿಯರ ಮೈ ತಿಕ್ಕುವುದು, ದಂಡ ಹೊಡೆಯುವುದು, ಬಸ್ಕಿ ತೆಗೆಯುವುದು, ಇವುಗಳಲ್ಲಿಯೇ ತಿಂಗಳುಗಳು ಸಂದುಹೋಗುತ್ತಿದ್ದುವು; ಆ ಕಾಲದಲ್ಲಿ ಗುರುವು ಶಿಷ್ಯನ ಸ್ವಭಾವವನ್ನು ಅಳೆಯುತ್ತಿದ್ದನು, ಶಿಷ್ಯನ ಮನೆಯವರು ಗುರುವಿನ ಸ್ವಭಾವವನ್ನು ಅಳೆಯುತ್ತಿದ್ದರು. ಜಗಳಗಂಟನೆಂದು ಕಂಡವನಿಗೆ ಕೊರಳ ಪಟ್ಟುಗಳನ್ನು ಕಲಿಸದೆಯೇ ಬಿಡುತ್ತಿದ್ದ ವಸ್ತಾದರೂ ಇದ್ದರು.

ಈ ವಿವೇಕವು ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಮೀಸಲಾದ ಭಾಗವೊಂದಿದೆ, ಅಲ್ಲಿ ಮಲ್ಲರನ್ನು ಅವರವರ ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವಿಂಗಡಿಸಬೇಕೆಂಬ ವಿಚಾರವೂ, ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಕಂಬದ ಮೇಲಿನ ಸ್ತಂಭಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ ಮೊದಲಾದ ವ್ಯಾಯಾಮಗಳ ವಿವರವೂ ಇವೆ. ಕಾಳಿ ಗಂಗಾವಳಿಗಳ ದಡದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಸಲಿಲಶ್ರಮವು ಬಾಲ್ಯದಿಂದಲೇ ದೊರೆತ ಭಾಗ್ಯವೆಂಬುದು ನನಗೆ ಹೆಮ್ಮೆಯ ವಿಷಯ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯಸನು, ಕೃಷ್ಣದೇವರಾಯನು ಬೆಳಗು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಪೂಸಿಕೊಂಡು, ಭಾರವನ್ನೆತ್ತಿ, ಕತ್ತಿ ತಿರುವಿ, ಬಳಿಕ ತನ್ನ ಜಟ್ಟಿಯೊಡನೆ ಕುಸ್ತಿ ಮಾಡುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯನಿಗೂ ಈ ವಿದ್ಯೆಯಲ್ಲಿ ಅಡ್ಡದಾರಿ ಇರಲಿಲ್ಲ. ದಿನವೂ ಬೆವರು ಹರಿಯಲೇಬೇಕಾಗಿತ್ತು. ಆದುದರಿಂದ ‘ಮೂರೇ ತಿಂಗಳಲ್ಲಿ ನಿಮ್ಮ ಮಗನನ್ನು ವೀರನನ್ನಾಗಿ ಮಾಡುತ್ತೇವೆ’ ಎಂಬ ಫಲಕವನ್ನು ಕಂಡಾಗ ಅದರ ಮುಂದೆ ನಿಲ್ಲದೆ ಮುಂದಕ್ಕೆ ನಡೆಯುವುದು ಲೇಸು.

ಹಾಗಾದರೆ ಈ ಕಾಲದ ಪಾಲಕನು ಗುರುವಿನ ಯೋಗ್ಯತೆಯನ್ನು ಅಳೆಯುವುದು ಎಂತು? ಶಾಲೆಗೆ ಹೋಗಿ, ಒಂದು ಸಾಧಾರಣ ದಿನದ ಪಾಠವನ್ನು ಆದ್ಯಂತ ಕುಳಿತು ನೋಡಬೇಕು. ವಾರ್ಷಿಕೋತ್ಸವದ ದಿನ ಹೆಂಚು ಒಡೆಯುವುದನ್ನೂ ಬೆಂಕಿಯ ಬಳೆಯೊಳಗೆ ಹಾರುವುದನ್ನೂ ನೋಡಿ ನಿರ್ಣಯಿಸಲಾಗದು. ಸಾಧಾರಣ ದಿನದಂದು, ಅದರಲ್ಲಿಯೂ ಮೊದಲ ಅರ್ಧ ಗಂಟೆಯಲ್ಲಿ, ಎಲ್ಲರಿಗಿಂತ ಚಿಕ್ಕವನೂ ದುರ್ಬಲನೂ ಆದ ಮಗುವಿನ ಬಳಿ ಗುರುವು ಏನು ಮಾಡುತ್ತಾನೆಂಬುದನ್ನು ನೋಡಬೇಕು.

ನಮ್ಮ ಈ ಕಡಲತೀರದ ಒಂದು ಶಾಲೆಯ ಸಭಾಂಗಣದಲ್ಲಿ ಅಂಥದೊಂದು ಪಾಠವನ್ನು ನೋಡುವ ಅವಕಾಶ ನನಗೆ ಒದಗಿತ್ತು. ಹೊರಗೆ ಆಷಾಢದ ಮಳೆ ಸುರಿಯುತ್ತಿತ್ತು. ಒಳಗೆ ನೀಲಿಯ ದಪ್ಪ ಹಾಸುಗಳನ್ನು ಒಂದಕ್ಕೊಂದು ಸಂದಿಲ್ಲದಂತೆ ಜೋಡಿಸಿದ್ದರು. ಎಂಟು ವರ್ಷದ ಹುಡುಗಿಯೊಬ್ಬಳು ಆ ಹಾಸಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಹಿಂದಕ್ಕೆ ಉರುಳುವುದನ್ನು ಕಲಿಯುತ್ತಿದ್ದಳು. ಉರುಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು ತನ್ನ ಸೊಂಟಪಟ್ಟಿಯ ಗಂಟನ್ನೇ ನೋಡುತ್ತಿರಬೇಕು, ಬೆನ್ನು ನೆಲ ಮುಟ್ಟುವ ಕ್ಷಣದಲ್ಲಿಯೇ ಎರಡೂ ತೋಳುಗಳನ್ನು ಮೈಯಿಂದ ತುಸು ಓರೆಯಾಗಿ ಚಾಚಿ ಅಂಗೈಗಳಿಂದ ಹಾಸನ್ನು ಬಡಿಯಬೇಕು, ತಲೆ ನೆಲಕ್ಕೆ ತಾಗಲೇ ಕೂಡದು: ಇಷ್ಟೇ ಪಾಠ. ಹುಡುಗಿ ಪ್ರತಿ ಸಲವೂ ಭಯದಿಂದ ಗದ್ದವನ್ನು ಮೇಲಕ್ಕೆತ್ತಿಬಿಡುತ್ತಿದ್ದಳು. ಗುರುವು ಅವಳ ಹಿಂದೆ ಮೊಣಕಾಲೂರಿ ಕುಳಿತು, ತಲೆಯ ಹಿಂಬದಿಗೂ ಹಾಸಿಗೂ ನಡುವೆ ತನ್ನ ಅಂಗೈಯನ್ನು ಇಟ್ಟುಕೊಂಡು, ದನಿಯೆತ್ತದೆ, ‘ಗಂಟು ನೋಡು, ಗಂಟು ನೋಡು’ ಎಂದು ಹೇಳುತ್ತಲೇ ಇದ್ದನು. ತಲೆ ಹತ್ತಾರು ಸಲ ಆ ಅಂಗೈಗೆ ಬಡಿಯಿತು. ಆಮೇಲೊಮ್ಮೆ ಬಡಿಯಲಿಲ್ಲ, ಹಾಸಿನ ಮೇಲೆ ಅವಳ ಎರಡು ಅಂಗೈಗಳ ಸದ್ದು ಒಂದೇ ಸದ್ದಾಗಿ ಕೇಳಿಸಿತು. ಆ ಸಂಜೆ ಅಲ್ಲಿ ಯಾರೂ ಯಾರನ್ನೂ ಎತ್ತಿ ಒಗೆಯಲಿಲ್ಲ. ಬೀಳುವುದು ಬಾರದವನನ್ನು ಬೀಳಿಸಬಾರದೆಂಬುದು ಆ ಶಾಲೆಯ ನಿಯಮವೆಂದು ತಿಳಿದುಬಂದಿತು.

ಈ ನಿಯಮವನ್ನು ಅಲಕ್ಷಿಸಿದರೆ ಆಗುವ ಅನಾಹುತವನ್ನು ಜೂಡೋವಿನ ತವರಾದ ಜಪಾನೇ ಕಂಡಿದೆ. 1983ರಿಂದ ಮುಂದಿನ ಮೂರು ದಶಕಗಳ ಅವಧಿಯಲ್ಲಿ ಆ ದೇಶದ ಶಾಲೆಗಳ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂಬುದನ್ನು ನಗೋಯಾ ವಿಶ್ವವಿದ್ಯಾಲಯದ ರ್ಯೋ ಉಚಿದ ಎಂಬ ವಿದ್ವಾಂಸರು ದಾಖಲೆಗಳಿಂದ ಹೆಕ್ಕಿ ತೆಗೆದು ಲೋಕದ ಮುಂದಿಟ್ಟರು. ತಲೆಗಾದ ಆಘಾತವು ಪ್ರಧಾನ ಕಾರಣ. ಸತ್ತವರಲ್ಲಿ ಆಗತಾನೆ ಸೇರಿದ ಹೊಸಬರ ಪಾಲು ದೊಡ್ಡದು. ಶಿಸ್ತಿಗೆ ಪ್ರಸಿದ್ಧವಾದ ದೇಶದಲ್ಲಿಯೇ, ಬೀಳುವುದನ್ನು ನೆಟ್ಟಗೆ ಕಲಿಯದ ಎಳೆಯರನ್ನು ಬಲಿಷ್ಠರ ಕೈಗೆ ಕೊಟ್ಟುದರಿಂದ ಇಂಥ ದುರಂತ ಸಂಭವಿಸಿತು. ಫ್ರಾನ್ಸ್ ದೇಶವಾದರೋ 1955ರಷ್ಟು ಹಿಂದೆಯೇ ಜೂಡೋ ಕಲಿಸುವವನಿಗೆ ಸರ್ಕಾರಿ ಅರ್ಹತಾಪತ್ರ ಇರಲೇಬೇಕೆಂಬ ಶಾಸನವನ್ನು ಮಾಡಿತು. ನಮ್ಮಲ್ಲಿ ಅಂಥ ಶಾಸನ ಬರುವವರೆಗೆ ಪಾಲಕನ ಕಣ್ಣೇ ಶಾಸನವಾಗಬೇಕು. ಮೊಸಾಯಿಕ್ ನೆಲದ ಮೇಲೆ ಬರಿಯ ಜಮಖಾನೆ ಹಾಸಿ ಮಕ್ಕಳನ್ನು ಎತ್ತಿ ಹಾಕುವ ಶಾಲೆಯಿದ್ದರೆ, ಗುರುವಿನ ಗೋಡೆಯ ಮೇಲೆ ಎಷ್ಟೇ ಪದಕಗಳು ತೂಗುತ್ತಿರಲಿ, ಮಗುವನ್ನು ಮನೆಗೆ ಕರೆದುಕೊಂಡು ಬರತಕ್ಕದ್ದು. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಅಂಕಣಕ್ಕೆ ಇಳಿಸುವವನು ಗುರುವಲ್ಲ. ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯನು ನೋಡಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ನಮ್ಮ ತೀರದಲ್ಲಿ ಹಾಸುಗಳು ಬೇಗ ತೇವ ಹಿಡಿಯುತ್ತವೆ, ಚರ್ಮರೋಗಗಳು ಮೈಯಿಂದ ಮೈಗೆ ಹಬ್ಬುತ್ತವೆ. ಹಾಸನ್ನು ಒರೆಸಿ ಒಣಗಿಸುವ, ಮಕ್ಕಳ ಉಗುರನ್ನು ನೋಡುವ ಗುರುವು ಮಿಕ್ಕ ವಿಷಯಗಳಲ್ಲಿಯೂ ಎಚ್ಚರವುಳ್ಳವನಾಗಿರುತ್ತಾನೆಂದು ನಂಬಬಹುದು.

ಇನ್ನು ಪಾಲಕರ ಕಣ್ಣನ್ನು ಬಹುವಾಗಿ ಸೆಳೆಯುವ ಸೊಂಟಪಟ್ಟಿಯ ವಿಚಾರ. ಜೂಡೋವಿನ ಸ್ಥಾಪಕ ಜಿಗೊರೋ ಕಾನೋ ಎಂಬ ತರುಣನು 1882ರಲ್ಲಿ ಟೋಕಿಯೋ ನಗರದ ಎಯಿಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳಷ್ಟು ಸ್ಥಳವನ್ನು ಪಡೆದು, ಬೆರಳೆಣಿಕೆಯ ಶಿಷ್ಯರೊಡನೆ ಕೋಡೋಕಾನ್ ಶಾಲೆಯನ್ನು ಆರಂಭಿಸಿದನು. ಹೆಚ್ಚುಕಡಮೆ ಅದೇ ಕಾಲದಲ್ಲಿ, ಕಾನೋವಿಗಿಂತ ಒಂದು ವರ್ಷ ಕಿರಿಯನಾದ ಇನ್ನೊಬ್ಬ ತರುಣನು ಜಿಲ್ಲಾ ನ್ಯಾಯಾಧೀಶನಾಗಿದ್ದ ತನ್ನ ಅಣ್ಣ ಸತ್ಯೇಂದ್ರನಾಥರ ಮನೆಗೆ ನಮ್ಮ ಕಾರವಾರಕ್ಕೆ ಬಂದು, ಈ ಕಡಲತೀರದಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆಯುತ್ತಿದ್ದನು. ಆತನು ರವೀಂದ್ರನಾಥ ಠಾಕೂರ. ಈ ಎರಡು ಧಾರೆಗಳು ಮುಂದೆ ಕೂಡಿದುದು ಸೋಜಿಗವೇ ಸರಿ: 1929ರಲ್ಲಿ ಗುರುದೇವರು ಕೋಡೋಕಾನ್ ಪರಂಪರೆಯ ಶಿಂಜೋ ತಕಗಾಕಿ ಎಂಬ ಶಿಕ್ಷಕರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು, ಹುಡುಗರಿಗೆ ಮಾತ್ರವಲ್ಲ, ಹುಡುಗಿಯರಿಗೂ ಈ ವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಿದರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ ಅಮಿತಾ ಸೇನ್ ಹೀಗೆ ಶಾಂತಿನಿಕೇತನದಲ್ಲಿ ಜೂಡೋ ಕಲಿತವರು. ಕವಿಯಾದವನು ತನ್ನ ಆಶ್ರಮದ ಮಕ್ಕಳಿಗಾಗಿ ಶಿಕ್ಷಕನನ್ನು ಆರಿಸುವಾಗ ಕಡಲಾಚೆಯ ಮೂಲದವರೆಗೂ ಹೋಗಿ ವಿಚಾರಿಸಿದನು. ನಾವು ಪಕ್ಕದ ಬೀದಿಯವರೆಗಾದರೂ ಹೋಗಿ ವಿಚಾರಿಸಬೇಡವೇ?

ಮತ್ತೆ ಸೊಂಟಪಟ್ಟಿಯ ವಿಚಾರಕ್ಕೆ ಬರುವುದಾದರೆ, ಕಪ್ಪುಪಟ್ಟಿ ಕಾನೋ ಏರ್ಪಡಿಸಿದ ಶ್ರೇಣಿಗಳ ಕುರುಹು. ಹಳದಿ, ಕಿತ್ತಳೆ, ಹಸಿರು, ನೀಲಿಗಳ ಸಾಲು ತರುವಾಯ ಯೂರೋಪಿನಲ್ಲಿ ಬಳಕೆಗೆ ಬಂದುದು, ಮಕ್ಕಳಿಗೂ ಹೊಸಬರಿಗೂ ಉತ್ಸಾಹ ಉಳಿಯಲೆಂದು. ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಮೂರು ತಿಂಗಳಿಗೊಮ್ಮೆ ಪರೀಕ್ಷಾಶುಲ್ಕ, ಪ್ರತಿ ಪರೀಕ್ಷೆಗೂ ಹೊಸ ಪಟ್ಟಿ, ಯಾರೂ ಎಂದೂ ಅನುತ್ತೀರ್ಣರಾಗುವುದಿಲ್ಲ ಎಂಬ ವ್ಯವಸ್ಥೆಯಿದ್ದಲ್ಲಿ ಅಲ್ಲಿ ನಡೆಯುತ್ತಿರುವುದು ವಿದ್ಯಾದಾನವಲ್ಲ, ಬಟ್ಟೆಯ ವ್ಯಾಪಾರ. ಕೋಡೋಕಾನ್ ಶಾಲೆ ಮೊದಲನೆಯ ಕಪ್ಪುಪಟ್ಟಿಯನ್ನು ಹದಿನಾಲ್ಕು ವರ್ಷ ತುಂಬದವರಿಗೆ ಕೊಡುವುದಿಲ್ಲ. ಎಂಟು ಒಂಬತ್ತು ವರ್ಷದ ಮಗುವಿನ ಸೊಂಟಕ್ಕೆ ಕಪ್ಪುಪಟ್ಟಿ ಬಿಗಿದು ಪತ್ರಿಕೆಗೆ ಭಾವಚಿತ್ರ ಕಳುಹಿಸುವ ಗುರುವು ಆ ಮಗುವಿಗೆ ಉಪಕಾರ ಮಾಡುತ್ತಿಲ್ಲ. ತಾನು ಎಲ್ಲವನ್ನೂ ಬಲ್ಲೆನೆಂದು ನಂಬಿದ ಮಗು ಒಂದು ದಿನ ಬೀದಿಯಲ್ಲಿ ನಿಜವಾದ ಅಪಾಯದ ಎದುರಿಗೆ ನಿಂತುಬಿಡುತ್ತದೆ.

ಗುರುವಿಗೆ ತಾನೇ ಯಾರು ಗುರು, ಎಷ್ಟು ವರ್ಷ, ಎಲ್ಲಿ ಎಂಬುದನ್ನು ಸಂಕೋಚವಿಲ್ಲದೆ ಕೇಳಿರಿ. ಯೋಗ್ಯನಾದವನು ಈ ಪ್ರಶ್ನೆಯಿಂದ ಸಂತೋಷಪಡುತ್ತಾನೆ. ತನ್ನ ಗುರುವಿನ ಹೆಸರನ್ನು ಹೇಳುವುದೇ ಅವನಿಗೆ ಗೌರವ. ಕುಸ್ತಿ, ಜೂಡೋ, ಮುಷ್ಟಿಯುದ್ಧಗಳಿಗೆ 1961ರಲ್ಲಿ ಸ್ಥಾಪಿತವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ತರಬೇತುದಾರರಿಗೆ ಡಿಪ್ಲೊಮಾ ನೀಡುತ್ತದೆ, ‘ಎನ್.ಐ.ಎಸ್. ಮಾಡಿದ್ದೀರಾ?’ ಎಂದು ಕೇಳಿದರೆ ಬಲ್ಲವನಿಗೆ ತಿಳಿಯುತ್ತದೆ. ಪಂದ್ಯಗಳ ಮಾತೆತ್ತುವವನು ಯಾವ ಒಕ್ಕೂಟದ ಪಂದ್ಯವೆಂಬುದನ್ನೂ ಹೇಳಬೇಕು. ಜೂಡೋ 1964ರಲ್ಲಿ, ಟೇಕ್ವಾಂಡೋ 2000ದಲ್ಲಿ ಒಲಿಂಪಿಕ್ ಪದಕದ ಕ್ರೀಡೆಗಳಾದುವು. ಕರಾಟೆ ಟೋಕಿಯೋದ ಕೂಟದಲ್ಲಿ ಒಮ್ಮೆ ಸೇರಿ, 2024ರ ಪ್ಯಾರಿಸ್ ಕೂಟದಲ್ಲಿ ಇಲ್ಲವಾಯಿತು. ಹತ್ತು ಶಾಲೆಗಳು ತಮ್ಮೊಳಗೇ ಕೂಡಿಕೊಂಡು ನಡೆಸಿದ ಪಂದ್ಯಕ್ಕೆ ‘ವಿಶ್ವ’ ಎಂಬ ಹೆಸರಿಟ್ಟ ಮಾತ್ರಕ್ಕೆ ಅದರ ಪದಕ ಜಗತ್ತಿನ ಪದಕವಾಗದು. ಹಾಗೆಂದು ಪದಕ ಗೆದ್ದವನೆಲ್ಲ ಒಳ್ಳೆಯ ಗುರುವೆಂದೂ, ಗೆಲ್ಲದವನು ಅಯೋಗ್ಯನೆಂದೂ ನಾನು ಹೇಳುತ್ತಿಲ್ಲ. ತಾನು ಮಾಡಬಲ್ಲುದನ್ನು ಇನ್ನೊಬ್ಬನಿಗೆ ಬಿಡಿಸಿ ತೋರಿಸುವುದು ಬೇರೆಯೇ ಒಂದು ಶಕ್ತಿ. ಕುಸ್ತಿಯಲ್ಲಿ ಆಸಕ್ತಿಯುಳ್ಳವರು ಜಟ್ಟಿಗಳನ್ನು ಹುಡುಕಿ ಕೊಲ್ಹಾಪುರಕ್ಕೋ ಮೈಸೂರಿಗೋ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಹಳಿಯಾಳದಲ್ಲಿಯೇ ಕ್ರೀಡಾ ಇಲಾಖೆಯ ಕುಸ್ತಿ ವಸತಿನಿಲಯವಿದೆ, ಆ ತಾಲೂಕಿನ ಹುಡುಗಿಯರೂ ಅಖಾಡಕ್ಕೆ ಇಳಿದು ಹೆಸರು ಪಡೆಯುತ್ತಿದ್ದಾರೆ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಒಂದು ಕಠಿಣವಾದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ವಿದ್ಯೆಗಳಲ್ಲಿ ಮೈ ಮುಟ್ಟದೆ ಕಲಿಸಲಾಗದು. ಆದುದರಿಂದಲೇ ಮುಟ್ಟುವವನ ಶೀಲವು ಸಂದೇಹಾತೀತವಾಗಿರಬೇಕು. ಅಭ್ಯಾಸದ ಕೊಠಡಿಯ ಬಾಗಿಲು ತೆರೆದಿರಬೇಕು. ತಾಯಂದಿರು ಬಯಸಿದಾಗ ಬಂದು ಕುಳಿತುಕೊಳ್ಳಲು ಅಡ್ಡಿಯಿರಕೂಡದು. ಹುಡುಗಿಯರ ತರಗತಿಯಲ್ಲಿ ಶಿಕ್ಷಕಿಯೋ ಹಿರಿಯ ವಿದ್ಯಾರ್ಥಿನಿಯೋ ಇರಬೇಕು. ‘ವಿಶೇಷ ತರಬೇತಿ’ಯ ನೆಪದಲ್ಲಿ ಒಂಟಿ ಮಗುವನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆಯಕೂಡದು. ಈ ಎಚ್ಚರಿಕೆ ಗಂಡುಮಕ್ಕಳಿಗೂ ಅಷ್ಟೇ ಸಲ್ಲುತ್ತದೆ. 2012ರ ಪೋಕ್ಸೋ ಕಾಯಿದೆಯು ಹದಿನೆಂಟು ತುಂಬದ ಎಲ್ಲ ಮಕ್ಕಳಿಗೂ ಲಿಂಗಭೇದವಿಲ್ಲದೆ ಲೈಂಗಿಕ ಅಪರಾಧಗಳಿಂದ ರಕ್ಷಣೆ ಕೊಡುತ್ತದೆ. ಅಂಥ ಅಪರಾಧ ನಡೆದುದನ್ನು ಬಲ್ಲವನು ಪೊಲೀಸರಿಗೆ ತಿಳಿಸದೆ ಮರೆಮಾಚಿದರೆ ಅದೂ ಶಿಕ್ಷಾರ್ಹವೇ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿರಿ. ‘ಗುರುವಿನ ಮಾತಿಗೆ ಎದುರಾಡಬಾರದು’ ಎಂಬ ನಮ್ಮ ಹಳೆಯ ಬೋಧೆಯು ಇಲ್ಲಿ ಅಪಾಯಕರವಾಗಬಲ್ಲುದು. ಬೇಡವೆಂದು ಹೇಳುವ ಅಧಿಕಾರ ಮಗುವಿಗೆ ಇದೆಯೆಂಬುದನ್ನು ಗುರುವೇ ಮೊದಲ ದಿನ ಹೇಳಿಕೊಡಬೇಕು.

ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಹೆಸರಿನಲ್ಲಿ ನಮ್ಮ ರಾಜ್ಯದ ವಸತಿಶಾಲೆಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಕೊಡುವ ಯೋಜನೆ ಬಂದಿರುವುದು ಪ್ರಶಂಸನೀಯ. ಆದರೆ ಕೆಲವು ದಿನಗಳ ಶಿಬಿರದಲ್ಲಿ ಹುಡುಗಿಯೊಬ್ಬಳು ಬಲಾಢ್ಯನಾದ ಗಂಡಸನ್ನು ಕೆಡವುವಂತಾಗುತ್ತಾಳೆಂದು ಯಾವ ಶಿಕ್ಷಕನಾದರೂ ಹೇಳಿದರೆ ಅವನನ್ನು ನಂಬಬೇಡಿರಿ. ಗಟ್ಟಿಯಾಗಿ ಕೂಗುವುದು, ಹಿಡಿತ ಬಿಡಿಸಿಕೊಂಡು ಜನವಿರುವೆಡೆಗೆ ಓಡುವುದು, 112ಕ್ಕೆ ಕರೆ ಮಾಡುವುದು, ಇವನ್ನು ನಾಚಿಕೆಗೇಡೆಂದು ತಿಳಿಯದೆ ಮೊದಲ ಪಾಠವಾಗಿ ಕಲಿಸುವವನೇ ಪ್ರಾಮಾಣಿಕನು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ತನ್ನನ್ನೂ ಪರರನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಪ್ರಜೆಗೆ ಕೊಟ್ಟಿವೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವ ಹಕ್ಕನ್ನು ಕೊಟ್ಟಿಲ್ಲ. ಹೊಡೆಯುವುದನ್ನು ಕಲಿಸುವವನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಸಬೇಕಷ್ಟೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಜನ ಕೈಯೆತ್ತದೆಯೇ ಒಂದು ಸಾಮ್ರಾಜ್ಯವನ್ನು ಎದುರಿಸಿದರು; ಅಂಥ ನೆಲದಲ್ಲಿ ಕಲಿಸುವ ಗುರುವಿಗೆ ಸಂಯಮವೂ ಬಲದ ಒಂದು ಅಂಗವೆಂಬುದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಶಿಷ್ಯರನ್ನು ಬೈದು ಹೀನೈಸುವವನು, ಬೇರೆ ಶಾಲೆಗಳನ್ನು ನಿತ್ಯವೂ ನಿಂದಿಸುವವನು, ಸೋತ ಹುಡುಗನನ್ನು ಎಲ್ಲರೆದುರು ನಗೆಗೀಡು ಮಾಡುವವನು ಎಷ್ಟೇ ಚತುರನಾಗಿರಲಿ, ಅವನಿಂದ ಮಗು ಕಲಿತುಕೊಳ್ಳುವುದು ಅವನ ಕೋಪವನ್ನೇ.

ಕಡೆಯದಾಗಿ ಒಂದು ವಿನಂತಿ. ಇದು ಪಾಲಕರಿಗಿಂತ ಹೆಚ್ಚಾಗಿ ನಮ್ಮ ಶಾಲೆಗಳ ಆಡಳಿತ ಮಂಡಳಿಗಳಿಗೆ ಸಲ್ಲುವುದು. ಕಾರವಾರ ಅಂಕೋಲೆಗಳಲ್ಲಿ ಇಂಥ ತರಗತಿಗಳಲ್ಲಿ ಎಷ್ಟೋ ಶಾಲೆಯ ಸಭಾಂಗಣದಲ್ಲಿಯೋ ಜಗಲಿಯಲ್ಲಿಯೋ ಸಂಜೆಯ ಹೊತ್ತು ನಡೆಯುತ್ತವೆ. ‘ಶಾಲೆಯವರೇ ಜಾಗ ಕೊಟ್ಟಿದ್ದಾರೆ’ ಎಂಬ ಒಂದೇ ನಂಬಿಕೆಯಿಂದ ಬಡ ಪಾಲಕರು, ಮೀನು ಮಾರುವ ತಾಯಂದಿರು, ದಿನಗೂಲಿಯ ತಂದೆಯರು ವಿಚಾರಿಸದೆ ಮಗುವನ್ನು ಒಪ್ಪಿಸಿಬಿಡುತ್ತಾರೆ. ವಿಚಾರಿಸಲು ಅವರಿಗೆ ಬಿಡುವಾದರೂ ಎಲ್ಲಿ? ಅವರ ಪರವಾಗಿ ವಿಚಾರಿಸುವುದು ಜಾಗ ಕೊಟ್ಟವರ ಕರ್ತವ್ಯ. ಬಾಡಿಗೆಯ ರಸೀದಿ ಬರೆಯುವ ಮುನ್ನ ಆಡಳಿತ ಮಂಡಳಿಯವರು ಶಿಕ್ಷಕನ ಅರ್ಹತಾಪತ್ರಗಳನ್ನು ತರಿಸಿ ಪರಿಶೀಲಿಸಲಿ, ಅವನ ಪೂರ್ವಚರಿತ್ರೆಯ ಬಗೆಗೆ ಪೊಲೀಸ್ ಠಾಣೆಯಿಂದ ಪತ್ರ ಪಡೆಯಲಿ, ಹಾಸುಗಳು ಉಂಟೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಉಂಟೇ ಎಂದು ನೋಡಲಿ, ತಿಂಗಳಿಗೊಮ್ಮೆಯಾದರೂ ಮುಖ್ಯೋಪಾಧ್ಯಾಯರೇ ಮುನ್ಸೂಚನೆಯಿಲ್ಲದೆ ಹೋಗಿ ಒಂದು ಪಾಠದಲ್ಲಿ ಕುಳಿತುಕೊಳ್ಳಲಿ. ಈ ವರ್ಷದ ತರಗತಿಗಳಿಗೆ ಅನುಮತಿ ಕೊಡುವ ಮುನ್ನವೇ ಇಷ್ಟನ್ನು ನಡೆಸಿಕೊಡಬೇಕೆಂದು ನಮ್ಮ ತಾಲೂಕುಗಳ ಎಲ್ಲ ಶಾಲೆಗಳ ಆಡಳಿತದವರನ್ನೂ ಕೈಮುಗಿದು ಪ್ರಾರ್ಥಿಸುತ್ತೇನೆ.